ಪೀಣ್ಯಕ್ಕೆ ಬಂದ ಶರಾವತಿ

(ಉಪನ್ಯಾಸದ ಲಿಖಿತ ರೂಪ)



ಸಾಗರ, ಶಿರಸಿ, ತೀರ್ಥಹಳ್ಳಿಗಳಿಂದ ರಾತ್ರಿ ಹೊರಟ ಬಸ್ಸು ಬೆಂಗಳೂರನ್ನು ಹೊಗುವುದು ತುಮಕೂರು ರಸ್ತೆಯಿಂದ. ನಸುಕಿನಲ್ಲಿ ನಾಗಸಂದ್ರ, ಎಂಟನೇ ಮೈಲಿ, ಜಾಲಹಳ್ಳಿ ಕ್ರಾಸ್ ಎಂದು ನಿರ್ವಾಹಕ ಕೂಗುವಾಗ ಚೀಲ ಹೆಗಲಿಗೇರಿಸಿ ಇಳಿಯುವವರಲ್ಲಿ ಮಲೆನಾಡಿನ ಹುಡುಗರು ಹಲವರು. ಐ.ಟಿ.ಐ. ಮುಗಿಸಿದವರು, ಡಿಪ್ಲೊಮಾ ಅರ್ಧಕ್ಕೆ ಬಿಟ್ಟವರು, ತೋಟ ಮೂವರು ಅಣ್ಣತಮ್ಮಂದಿರಿಗೆ ಸಾಲದೆ ಹೋದವರು. ಅವರು ನಡೆದು ಸೇರುವ ಪೀಣ್ಯ ಕೈಗಾರಿಕಾ ಪ್ರದೇಶದೊಳಗೆ ಎಸ್.ಆರ್.ಎಸ್. ರಸ್ತೆ ಎಂಬುದೊಂದಿದೆ. ಆ ಮೂರು ಅಕ್ಷರಗಳ ವಿಸ್ತಾರವೇನೆಂದು ಅಲ್ಲಿ ದಿನವೂ ಓಡಾಡುವವರನ್ನು ಕೇಳಿದರೆ ಹೆಚ್ಚಿನವರು ಯಾವುದೋ ಕಂಪನಿಯ ಹೆಸರಿರಬೇಕೆನ್ನುತ್ತಾರೆ. ಅದು ಶರಾವತಿ ವಿದ್ಯುತ್ ಸ್ವೀಕರಣಾ ಕೇಂದ್ರದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು. ಜೋಗದ ಕೆಳಗಿನ ಕಣಿವೆಯಿಂದ ಹೊರಟ 220 ಕಿಲೋವೋಲ್ಟಿನ ತಂತಿಗಳು ಬೆಂಗಳೂರಿನಲ್ಲಿ ಬಂದು ಇಳಿದ ತಾಣ ಅದು. ಊರು ಮುಳುಗಿಸಿಕೊಂಡು ಹೊರಟ ಹುಡುಗರು ಬಸ್ಸಿನಲ್ಲಿ ಎಲ್ಲಿಗೆ ಬಂದರೋ ಅಲ್ಲಿಗೇ ಅವರ ನದಿ ಅವರಿಗಿಂತ ಮೊದಲು ತಂತಿಯಲ್ಲಿ ಬಂದು ತಲುಪಿತ್ತು.

ಈ ಉಪನ್ಯಾಸದ ವಿಷಯ ಕೈಗಾರಿಕೆಯ ಇಂಧನ ಬಳಕೆ ಮತ್ತು ಯುರೋಪಿನ ಪರಿಸರ ನೀತಿ. ಕೇಳಲು ದೂರದ್ದಾಗಿ ತೋರಬಹುದು. ಆದರೆ 2026ರ ಜನವರಿ 1ರಿಂದ ಯುರೋಪಿನ ಗಡಿಯಲ್ಲಿ ಉಕ್ಕಿನ ಒಂದು ಬೋಲ್ಟನ್ನೂ ಅದರ ಇಂಗಾಲದ ಜಾತಕ ಕೇಳಿ ಒಳಬಿಡುವ ವ್ಯವಸ್ಥೆ ಪೂರ್ಣ ರೂಪದಲ್ಲಿ ಜಾರಿಗೆ ಬಂದಿದೆ. ಆ ಜಾತಕದ ಒಂದು ತುದಿ ನಾಗಸಂದ್ರದ ಸುತ್ತಲಿನ ಶೆಡ್ಡುಗಳಲ್ಲಿದೆ. ಇನ್ನೊಂದು ತುದಿ ಶರಾವತಿ, ಕಾಳಿ ಕಣಿವೆಗಳಲ್ಲಿದೆ.

ಪೀಣ್ಯ ಬೆಳೆದದ್ದು 1970ರ ದಶಕದಿಂದೀಚೆಗೆ. ಪಕ್ಕದ ಜಾಲಹಳ್ಳಿಯಲ್ಲಿ ಎಚ್.ಎಂ.ಟಿ., ಬಿ.ಇ.ಎಲ್. ಮೊದಲಾದ ಸಾರ್ವಜನಿಕ ಉದ್ದಿಮೆಗಳಿದ್ದವು. ಅವಕ್ಕೆ ಬಿಡಿಭಾಗ ಮಾಡಿಕೊಡುವ ಸಣ್ಣ ಘಟಕಗಳು ಒಂದರ ಬೆನ್ನಿಗೊಂದು ತಲೆಯೆತ್ತಿದವು. ಗಡಿಯಾರದ, ಟ್ರ್ಯಾಕ್ಟರಿನ, ಲೇಥಿನ ಭಾಗಗಳಿಂದ ಆರಂಭವಾದ ಕೆಲಸ ಕಾರಿನ, ವಿಮಾನದ ಭಾಗಗಳವರೆಗೆ ಸಾಗಿತು. ಎರಕ, ಫೋರ್ಜಿಂಗ್, ಹೀಟ್ ಟ್ರೀಟ್‌ಮೆಂಟ್, ಪ್ಲೇಟಿಂಗ್, ಪ್ರೆಸ್ ಶಾಪ್, ಸಿ.ಎನ್.ಸಿ. ಯಂತ್ರಗಳು ಹೀಗೆ ಲೋಹವನ್ನು ಕಾಯಿಸುವ, ಕುಟ್ಟುವ, ಕೊರೆಯುವ, ಹೊಳಪು ಕೊಡುವ ಎಲ್ಲ ಕಸುಬುಗಳೂ ಅಲ್ಲಿ ಒಂದೇ ಬೀದಿಯಲ್ಲಿ ಸಿಗುತ್ತವೆ. ಮಾಲೀಕನೇ ಬೆಳಿಗ್ಗೆ ಬಾಗಿಲು ತೆಗೆದು, ಸಂಜೆ ಬ್ಯಾಂಕಿನ ಸಾಲದ ಕಂತಿಗೆ ಓಡಾಡುವ ಶೆಡ್ಡುಗಳೇ ಹೆಚ್ಚು. ಪ್ಲೇಟಿಂಗ್ ಘಟಕಗಳ ಕ್ರೋಮಿಯಂ ಅಲ್ಲಿನ ಅಂತರ್ಜಲಕ್ಕಿಳಿದ ಕಥೆ ಬೇರೆಯೇ ಒಂದು ಉಪನ್ಯಾಸಕ್ಕೆ ಸಾಕು. ಪೀಣ್ಯದ ಕೊಳವೆಬಾವಿಯ ನೀರಿಗೆ ಹೆದರಿ ಕ್ಯಾನಿನ ನೀರು ಕುಡಿಯುವ ಕಾರ್ಮಿಕರ ಮುಂದೆ ಪರಿಸರವೆಂದರೆ ಹಳ್ಳಿಯವರ ಗೊಡವೆ ಎನ್ನುವ ಧೈರ್ಯ ಯಾರಿಗೂ ಬಾರದು.

ಈಗ ಲೆಕ್ಕಕ್ಕೆ ಬರಬಹುದು. ವಿದ್ಯುತ್ ಇಂಡಕ್ಷನ್ ಕುಲುಮೆಯಲ್ಲಿ ಒಂದು ಟನ್ ಕಬ್ಬಿಣ ಕರಗಿಸಲು ಸುಮಾರು 600 ಯೂನಿಟ್ ವಿದ್ಯುತ್ ಬೇಕು. ಕುಲುಮೆ ಹೊಸದೋ ಹಳೆಯದೋ, ಮುಚ್ಚಳ ಹಾಕಿದೆಯೋ ತೆರೆದಿದೆಯೋ ಎಂಬುದರ ಮೇಲೆ ಈ ಸಂಖ್ಯೆ ಮೇಲೆ ಕೆಳಗೆ ಆಗುತ್ತದೆ. ಶರಾವತಿ ವಿದ್ಯುದಾಗಾರದಲ್ಲಿ ನೀರು ನಾಲ್ಕು ನೂರು ಮೀಟರಿಗೂ ಮಿಕ್ಕ ಎತ್ತರದಿಂದ ಬೀಳುತ್ತದೆ. ಅಷ್ಟು ಎತ್ತರದಿಂದ ಸಾವಿರ ಲೀಟರ್ ನೀರು ಬಿದ್ದರೆ ಹೆಚ್ಚುಕಡಿಮೆ ಒಂದು ಯೂನಿಟ್ ವಿದ್ಯುತ್ ಹುಟ್ಟುತ್ತದೆ. ಭೌತಶಾಸ್ತ್ರ ಓದುತ್ತಿರುವ ಪಿ.ಯು. ವಿದ್ಯಾರ್ಥಿ ಯಾರಾದರೂ ಇದನ್ನು ಐದು ನಿಮಿಷದಲ್ಲಿ ಲೆಕ್ಕ ಹಾಕಿ ತಾಳೆ ನೋಡಬಹುದು. ಅಂದರೆ ಒಂದು ಟನ್ ಎರಕದ ಹಿಂದೆ ಆರು ಲಕ್ಷ ಲೀಟರ್ ನೀರಿನ ಬೀಳುವಿಕೆ ಇದೆ. ನೀರೇನೋ ಖರ್ಚಾಗುವುದಿಲ್ಲ, ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ಖರ್ಚಾದದ್ದು ಆ ನೀರನ್ನು ಎತ್ತರದಲ್ಲಿ ಹಿಡಿದಿಡಲು ಮುಳುಗಿಸಿದ ಮುನ್ನೂರು ಚದರ ಕಿಲೋಮೀಟರಿಗೂ ಹೆಚ್ಚಿನ ಗದ್ದೆ, ತೋಟ, ಕಾಡು. 1948ರ ಹಿರೇಭಾಸ್ಕರ ಅಣೆಕಟ್ಟಿಗೆ ಒಮ್ಮೆ ಎದ್ದವರಲ್ಲಿ ಕೆಲವರು 1964ರ ಲಿಂಗನಮಕ್ಕಿಗೆ ಮತ್ತೊಮ್ಮೆ ಎದ್ದರು. ನಾ. ಡಿಸೋಜ ಅವರ ‘ದ್ವೀಪ’, ‘ಮುಳುಗಡೆ’ ಕಾದಂಬರಿಗಳನ್ನು ಓದಿದವರಿಗೆ ಆ ಏಳುವಿಕೆಯನ್ನು ವಿವರಿಸಬೇಕಿಲ್ಲ. ಹಾಗೆ ಎದ್ದು ಹೋಗಿ ಕಾಡಂಚಿನಲ್ಲಿ ಕುಳಿತವರ ಎಷ್ಟೋ ಕುಟುಂಬಗಳಿಗೆ ಅರುವತ್ತು ವರ್ಷ ಕಳೆದರೂ ತಾವು ಕುಳಿತ ನೆಲದ ಹಕ್ಕುಪತ್ರ ಸಿಕ್ಕಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಇಂದು ನಾಗಸಂದ್ರದ ಕುಲುಮೆಯಲ್ಲಿ ಉರಿಯುವುದು ಶರಾವತಿಯೊಂದೇ ಅಲ್ಲ. ರಾಯಚೂರಿನ, ಬಳ್ಳಾರಿಯ ಕಲ್ಲಿದ್ದಲು, ಕೈಗಾದ ಅಣು, ಪಾವಗಡದ ಬಿಸಿಲು, ಚಿತ್ರದುರ್ಗದ ಗಾಳಿ ಎಲ್ಲವೂ ಒಂದೇ ಜಾಲಕ್ಕೆ ಸೇರಿ ಬರುತ್ತವೆ. ತಂತಿಯೊಳಗೆ ಯಾವ ಯೂನಿಟ್ ಯಾವ ಊರಿನದೆಂದು ಹೇಳುವ ಬಗೆ ಇಲ್ಲ. ದೇಶದ ಜಾಲವನ್ನು ಒಟ್ಟಾಗಿ ನೋಡಿದರೆ ಪ್ರತಿ ಯೂನಿಟ್ಟಿನ ಹಿಂದೆ ಸುಮಾರು 0.7 ಕಿಲೋ ಇಂಗಾಲದ ಡೈ ಆಕ್ಸೈಡ್ ಇದೆ. ಒಂದು ಟನ್ ಎರಕಕ್ಕೆ ನಾಲ್ಕು ನೂರು ಕಿಲೋ ಚಿಲ್ಲರೆ. ಹೀಗೆ ಒಂದೇ ಕುಲುಮೆಗೆ ಎರಡು ಲೆಕ್ಕಗಳು ಸಾಧ್ಯ: ಹೊಗೆಯ ಲೆಕ್ಕ ಒಂದು, ಮುಳುಗಡೆಯ ಲೆಕ್ಕ ಒಂದು. ಯುರೋಪು ಬರೆಯುತ್ತಿರುವುದು ಮೊದಲನೆಯದನ್ನು ಮಾತ್ರ.

ಯುರೋಪಿನ ಲೆಕ್ಕದ ಹಿನ್ನೆಲೆ ಹೀಗಿದೆ. 2005ರಲ್ಲಿ ಯುರೋಪಿಯನ್ ಒಕ್ಕೂಟ ಇಂಗಾಲಕ್ಕೆ ಬೆಲೆ ಕಟ್ಟುವ ಮಾರುಕಟ್ಟೆಯನ್ನು ಆರಂಭಿಸಿತು. ಉಕ್ಕು, ಸಿಮೆಂಟ್ ಮುಂತಾದ ಇಂಧನ ನುಂಗುವ ಕೈಗಾರಿಕೆಗಳು ಹೊಗೆಯ ಪ್ರತಿ ಟನ್ನಿಗೂ ಪರವಾನಗಿ ಹೊಂದಬೇಕೆಂದಿತು. ಕಾರ್ಖಾನೆಗಳು ದೇಶ ಬಿಟ್ಟು ಓಡುತ್ತವೆಂಬ ಭಯದಿಂದ ಆ ಪರವಾನಗಿಗಳಲ್ಲಿ ಬಹುಪಾಲನ್ನು ದೊಡ್ಡ ಉದ್ದಿಮೆಗಳಿಗೆ ಪುಕ್ಕಟೆಯಾಗಿಯೇ ಹಂಚಿತು. ಜರ್ಮನಿ 2000ದ ಕಾಯಿದೆಯಂತೆ ಗಾಳಿ, ಬಿಸಿಲಿನ ವಿದ್ಯುತ್ತಿಗೆ ಪ್ರೋತ್ಸಾಹ ಕೊಡಲು ಎಲ್ಲ ಗ್ರಾಹಕರ ಬಿಲ್ಲಿನ ಮೇಲೆ ಮೇಲ್ತೆರಿಗೆಯಂಥ ಹೊರೆ ಹಾಕಿತು. ಹೆಚ್ಚು ವಿದ್ಯುತ್ ಬಳಸುವ ಭಾರಿ ಕಾರ್ಖಾನೆಗಳಿಗೆ ಮಾತ್ರ ಅದರಲ್ಲಿ ರಿಯಾಯಿತಿ ದೊರೆಯಿತು. ಉಳಿದ ಭಾರ ಮನೆಗಳ ಮೇಲೂ ಬೇಕರಿಯಂಥ ಸಣ್ಣ ಕಸುಬಿನ ಮೇಲೂ ಬಿತ್ತು. 2022ರ ಜುಲೈಯಲ್ಲಿ ಆ ಹೊರೆ ತೆಗೆದುಹಾಕುವವರೆಗೂ ಈ ಜಗಳ ಅಲ್ಲಿ ನಡೆದೇ ಇತ್ತು. ಅದೇ ವರ್ಷ ರಷ್ಯಾದ ಅನಿಲ ನಿಂತು ಬೆಲೆ ಗಗನಕ್ಕೇರಿದಾಗ ಸ್ಲೊವಾಕಿಯಾದ ಅಲ್ಯೂಮಿನಿಯಂ ಕಾರ್ಖಾನೆ ಲೋಹ ಕರಗಿಸುವುದನ್ನೇ ನಿಲ್ಲಿಸಿತು. ದೊಡ್ಡವರಿಗೆ ವಿನಾಯಿತಿ, ಚಿಕ್ಕವರಿಗೆ ಪಾಠ ಎಂಬ ಪದ್ಧತಿ ಭಾರತದ ಆಸ್ತಿ ಮಾತ್ರವಲ್ಲವೆಂದು ತಿಳಿದರೆ ಸಾಕು.

ಪುಕ್ಕಟೆ ಪರವಾನಗಿಯನ್ನು 2026ರಿಂದ 2034ರೊಳಗೆ ಹಂತಹಂತವಾಗಿ ತೆಗೆಯಲು ಯುರೋಪು ಈಗ ನಿರ್ಧರಿಸಿದೆ. ತನ್ನ ಕಾರ್ಖಾನೆ ಹಣ ಕೊಡುವಾಗ ಹೊರಗಿನ ಸರಕು ಹಾಗೆಯೇ ಒಳಬರಬಾರದೆಂದು ಗಡಿಯಲ್ಲಿ ಇಂಗಾಲ ಸುಂಕವೊಂದನ್ನು ಜೊತೆಗಿಟ್ಟಿದೆ. 2023ರ ಅಕ್ಟೋಬರ್ 1ರಿಂದ ವರದಿ ಸಲ್ಲಿಕೆ ಶುರುವಾಯಿತು. 2026ರ ಸರಕಿನಿಂದ ಹಣದ ಬಾಧ್ಯತೆ. ಕಬ್ಬಿಣ-ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ರಸಗೊಬ್ಬರ, ಜಲಜನಕ, ವಿದ್ಯುತ್ ಇವು ಪಟ್ಟಿಯಲ್ಲಿವೆ. ಉಕ್ಕಿನ ಶೀರ್ಷಿಕೆಯ ಕೆಳಗೆ ಬೋಲ್ಟು, ನಟ್ಟು, ಸ್ಕ್ರೂಗಳೂ ಸೇರಿವೆ. ಪೀಣ್ಯಕ್ಕೆ ತಾಗುವುದು ಇಲ್ಲಿಯೇ. ಜರ್ಮನಿಯ ಖರೀದಿದಾರ ಕಳಿಸುವ ಉದ್ದನೆಯ ನಮೂನೆಯಲ್ಲಿ ಎಷ್ಟು ಡೀಸೆಲ್ ಸುಟ್ಟಿರಿ, ಎಷ್ಟು ಅನಿಲ, ಎಷ್ಟು ಯೂನಿಟ್, ತಂತಿಯ ಉಕ್ಕು ಯಾವ ಕಾರ್ಖಾನೆಯದು, ಆ ಕಾರ್ಖಾನೆಯ ಹೊಗೆ ಎಷ್ಟು ಎಂಬ ಪ್ರಶ್ನೆಗಳಿವೆ. ಬೋಲ್ಟಿನ ಹೊಗೆಯಲ್ಲಿ ಹೆಚ್ಚಿನದು ಪೀಣ್ಯದ್ದಲ್ಲ; ಅದು ತೋರಣಗಲ್ಲಿನಂಥ ದೊಡ್ಡ ಉಕ್ಕಿನ ಕಾರ್ಖಾನೆಗಳ ಕಲ್ಲಿದ್ದಲು ಕುಲುಮೆಯದು. ಭಾರತದಲ್ಲಿ ಒಂದು ಟನ್ ಉಕ್ಕಿಗೆ ಸರಾಸರಿ ಎರಡೂವರೆ ಟನ್ನಿನಷ್ಟು ಇಂಗಾಲದ ಡೈ ಆಕ್ಸೈಡ್ ಹೊರಬೀಳುತ್ತದೆ. ಆ ಅಂಕಿಯನ್ನು ದೊಡ್ಡ ಕಾರ್ಖಾನೆಯಿಂದ ಕೇಳಿ ಪಡೆಯುವ ತಾಕತ್ತು ಇಪ್ಪತ್ತು ಜನರ ಶೆಡ್ಡಿಗೆ ಎಲ್ಲಿಂದ ಬರಬೇಕು? ಅಂಕಿ ಕೊಡದಿದ್ದರೆ ಯುರೋಪು ತಾನೇ ಗೊತ್ತುಪಡಿಸಿದ ದುಬಾರಿ ಅಂಕಿಯನ್ನು ಹಚ್ಚುತ್ತದೆ. 2025ರಲ್ಲಿ ನಿಯಮ ಸ್ವಲ್ಪ ಸಡಿಲಿಸಿ ವರ್ಷಕ್ಕೆ 50 ಟನ್ನಿಗಿಂತ ಕಡಿಮೆ ತರಿಸುವ ಆಮದುದಾರರನ್ನು ಬಿಟ್ಟಿದ್ದಾರೆ. ಆದರೆ ಆ ಮಿತಿ ಆಮದುದಾರನಿಗೆ, ತಯಾರಕನಿಗಲ್ಲ. ಸಣ್ಣ ಶೆಡ್ಡಿನಿಂದ ಹತ್ತು ಟನ್ ಕೊಳ್ಳುವ ದೊಡ್ಡ ವ್ಯಾಪಾರಿಗೆ ಅದು ಅನ್ವಯಿಸದು.

ಈ ಸುಂಕದಲ್ಲಿ ಮಲೆನಾಡಿನವರು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಸದ್ಯದ ನಿಯಮದಲ್ಲಿ ಉಕ್ಕು ಮತ್ತು ಅಲ್ಯೂಮಿನಿಯಂ ಸರಕಿಗೆ ಕಾರ್ಖಾನೆಯ ಒಳಗಿನ ಹೊಗೆಗೆ ಮಾತ್ರ ಹಣ. ಕೊಂಡ ವಿದ್ಯುತ್ತಿನ ಹೊಗೆ ಸುಂಕಕ್ಕೆ ಸೇರಿಲ್ಲ. ಸಿಮೆಂಟು, ಗೊಬ್ಬರಕ್ಕೆ ಸೇರಿದೆ. ಹಾಗಾಗಿ ಕಲ್ಲಿದ್ದಲು, ಎಣ್ಣೆಯ ಕುಲುಮೆಯಿಂದ ವಿದ್ಯುತ್ ಕುಲುಮೆಗೆ ಬದಲಾದವನ ಲೆಕ್ಕದ ಹಾಳೆ ಒಮ್ಮೆಗೇ ಸ್ವಚ್ಛವಾಗುತ್ತದೆ. ಮುಂದೊಂದು ದಿನ ವಿದ್ಯುತ್ತನ್ನೂ ಸೇರಿಸಿದರೆ ಆಗ ಹೊಗೆಯಿಲ್ಲದ ವಿದ್ಯುತ್ತಿಗೆ ಹುಡುಕಾಟ ಶುರುವಾಗುತ್ತದೆ. ಎರಡು ದಾರಿಯಲ್ಲಿ ಯಾವುದನ್ನು ಹಿಡಿದರೂ ಕೊನೆಗೆ ಬೆರಳು ತೋರುವುದು ಘಟ್ಟದ ನದಿಯ ಕಡೆಗೆ.

ಹೀಗೆ ಬೆರಳು ತೋರಿಸಿದ್ದು ಮೊದಲ ಸಲವೇನಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಹೊತ್ತಿಕೊಂಡದ್ದು ಮಲೆನಾಡಿನ ಮರದ ಇದ್ದಿಲಿನಿಂದ. ಅದಿರು ಕೆಮ್ಮಣ್ಣುಗುಂಡಿಯದು, ಇದ್ದಿಲು ಸುತ್ತಲಿನ ಕಾಡಿನದು. ಮುಂದೆ ಜೋಗದ ವಿದ್ಯುತ್ ಬಂದ ಮೇಲೆ ವಿದ್ಯುತ್ ಕುಲುಮೆಗಳು ಬಂದವು. ಅದನ್ನು ಆಗ ಕಾಡು ಉಳಿಸುವ ಕ್ರಮವೆಂದೇ ಕರೆಯಬಹುದಿತ್ತು, ಮುಳುಗಿದ ಕಾಡನ್ನು ಎಣಿಸದಿದ್ದರೆ. ಬೆಳಗಾವಿಯಲ್ಲಿ 1970ರ ಸುಮಾರಿಗೆ ಅಲ್ಯೂಮಿನಿಯಂ ಕರಗಿಸುವ ಕಾರ್ಖಾನೆ ಬಂತು. ಒಂದು ಟನ್ ಅಲ್ಯೂಮಿನಿಯಮ್ಮಿಗೆ 13ರಿಂದ 15 ಸಾವಿರ ಯೂನಿಟ್ ಬೇಕು. ಆಗ ರಾಜ್ಯದ ವಿದ್ಯುತ್ತೆಂದರೆ ಬಹುಮಟ್ಟಿಗೆ ಶರಾವತಿಯದೇ. ಆ ಕರಗಿಸುವ ಕೆಲಸ ಎಂದೋ ನಿಂತಿತು, ಇಂದು ಅಲ್ಲಿ ಬಾಕ್ಸೈಟಿನಿಂದ ಅಲ್ಯೂಮಿನ ತಯಾರಿ ಮಾತ್ರ. ಕಾರ್ಖಾನೆಯ ಆಯಸ್ಸು ಮುಗಿಯಿತು, ಮುಳುಗಡೆಯ ಆಯಸ್ಸು ಮುಗಿಯಲಿಲ್ಲ.

ಉತ್ತರ ಸ್ವೀಡನ್ನಿನ ಲೂಲೆ ನದಿಯ ಕಥೆ ಕೇಳಿದರೆ ಸಾಗರದವರಿಗೆ ತಮ್ಮದೇ ಊರಿನದೆನಿಸೀತು. ಆ ನದಿಯ ತಲೆಯಲ್ಲಿ ಸ್ಟೋರಾ ಶೋಫಾಲೆಟ್ ಎಂಬ ಮಹಾ ಜಲಪಾತವಿತ್ತು. 1909ರಲ್ಲಿ ಅದನ್ನು ರಾಷ್ಟ್ರೀಯ ಉದ್ಯಾನದೊಳಗೆ ಸೇರಿಸಿ ಕಾಪಾಡಿದರು. ಹತ್ತೇ ವರ್ಷದಲ್ಲಿ, 1919ರಲ್ಲಿ, ಸುಓರ್ವಾ ಅಣೆಕಟ್ಟಿಗಾಗಿ ಅದೇ ಭಾಗವನ್ನು ಉದ್ಯಾನದಿಂದ ಹೊರಗಿಟ್ಟರು. ಕೆಳಗಿನ ಪೋರ್ಯುಸ್ ವಿದ್ಯುದಾಗಾರ 1915ರಿಂದಲೇ ಕಿರುನಾದ ಕಬ್ಬಿಣದ ಅದಿರು ಸಾಗಿಸುವ ರೈಲಿಗೆ ವಿದ್ಯುತ್ ಕೊಡುತ್ತಿತ್ತು. ಅಣೆಕಟ್ಟನ್ನು ಮತ್ತೆ ಮತ್ತೆ ಎತ್ತರಿಸಿದಾಗಲೆಲ್ಲ ಹಿಮಸಾರಂಗ ಮೇಯಿಸುವ ಸಾಮಿ ಜನ ತಮ್ಮ ವಸತಿಗಳನ್ನು ಮೇಲೆ ಮೇಲೆ ಸಾಗಿಸಿದರು. ಹಿರೇಭಾಸ್ಕರದ ಮೇಲೆ ಲಿಂಗನಮಕ್ಕಿ ಬಂದಂತೆ.

ಆ ನದಿ ಸಮುದ್ರ ಸೇರುವ ಲೂಲಿಯೋ ಪಟ್ಟಣದಲ್ಲಿ 2020ರಲ್ಲಿ ಕಲ್ಲಿದ್ದಲಿಲ್ಲದೆ, ಜಲಜನಕದಿಂದ ಕಬ್ಬಿಣ ತೆಗೆಯುವ ಪ್ರಾಯೋಗಿಕ ಘಟಕ ಶುರುವಾಯಿತು. 2021ರಲ್ಲಿ ಅದರ ಮೊದಲ ಉಕ್ಕು ವೋಲ್ವೋ ಕಂಪನಿಗೆ ಹೋಯಿತು. ಇದೊಂದು ನಿಜವಾದ ಸಾಧನೆ. ಅದನ್ನು ಹೀಗಳೆಯುವುದು ಅನ್ಯಾಯ. ಕಲ್ಲಿದ್ದಲಿನಿಂದ ಮಾಡಿದ ಒಂದು ಟನ್ ಉಕ್ಕಿನ ಹೊಗೆಯನ್ನು ಆ ವಿಧಾನ ಬಹುತೇಕ ಇಲ್ಲವಾಗಿಸುತ್ತದೆ. ಆದರೆ ಆ ಒಂದು ಟನ್ನಿಗೆ ಸುಮಾರು 3,500 ಯೂನಿಟ್ ವಿದ್ಯುತ್ ಬೇಕು. ಹಸಿರು ಉಕ್ಕು ಎಂದು ಹೆಸರಾದ ಆ ಉಕ್ಕಿಗೆ ಹಸಿರು ಎಲ್ಲಿಂದ ಬಂತೆಂದು ಕೇಳಿದರೆ ಉತ್ತರ ನದಿಯ ಮೇಲ್ದಂಡೆಯಲ್ಲಿ ಸಿಗುತ್ತದೆ. ಗಾಳಿಯಂತ್ರಗಳನ್ನು ಹಿಮಸಾರಂಗದ ಚಳಿಗಾಲದ ಮೇವಿನ ನೆಲದಲ್ಲಿ ನೆಟ್ಟದ್ದಕ್ಕೆ ನಾರ್ವೆಯ ಫೋಸೆನ್‌ನಲ್ಲಿ ಸಾಮಿಗಳು ನ್ಯಾಯಾಲಯಕ್ಕೆ ಹೋದರು. 2021ರ ಅಕ್ಟೋಬರಿನಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಆ ಪರವಾನಗಿಗಳು ಅಸಿಂಧುವೆಂದು ತೀರ್ಪಿತ್ತಿತು. ಅಷ್ಟರಲ್ಲಿ ಯಂತ್ರಗಳು ತಿರುಗಲು ಆರಂಭವಾಗಿದ್ದವು. ಐಸ್‌ಲ್ಯಾಂಡಿನಲ್ಲಿ ಒಂದೇ ಒಂದು ಅಲ್ಯೂಮಿನಿಯಂ ಕಾರ್ಖಾನೆಗಾಗಿ ಕಾರಾನ್ಯೂಕರ್ ಎಂಬಲ್ಲಿ 690 ಮೆಗಾವಾಟಿನ ಜಲಯೋಜನೆ ಕಟ್ಟಿದ್ದಾರೆ. ಹೋಲಿಕೆಗಾಗಿ: ಬೇಡ್ತಿ ಯೋಜನೆಯ ಸಾಮರ್ಥ್ಯ 210 ಮೆಗಾವಾಟ್ ಇತ್ತು.

ಶರಾವತಿಯ ಮೇಲೆ ಈಗ ಬಂದಿರುವ ಯೋಜನೆ 2,000 ಮೆಗಾವಾಟಿನದು. ತಳಕಳಲೆ ಮೇಲೆ, ಗೇರುಸೊಪ್ಪೆ ಕೆಳಗೆ, ನಡುವೆ ಸುರಂಗ. ವಿದ್ಯುತ್ ಅಗ್ಗವಾದ ಹೊತ್ತಿನಲ್ಲಿ ಕೆಳಗಿನ ನೀರನ್ನು ಮೇಲೆತ್ತಿ, ಬೇಡಿಕೆ ಏರಿದಾಗ ಕೆಳಗೆ ಬಿಡುವುದು. ಇದು ವಿದ್ಯುತ್ ಹುಟ್ಟಿಸುವ ಯೋಜನೆಯಲ್ಲ, ಕೂಡಿಡುವ ಯೋಜನೆ. ನಾಲ್ಕು ಯೂನಿಟ್ ಹಾಕಿದರೆ ಮೂರಕ್ಕಿಂತ ತುಸು ಹೆಚ್ಚು ಹಿಂದೆ ಬರುತ್ತದೆ. ಸಿಂಗಳೀಕದ ಅಭಯಾರಣ್ಯದೊಳಗೆ ಇದಕ್ಕೆ ಕಾಡು ಕಡಿಯಬೇಕು, ಬಂಡೆ ಸಿಡಿಸಬೇಕು. 2025ರಲ್ಲಿ ನಡೆದ ಸಾರ್ವಜನಿಕ ಅಹವಾಲು ಸಭೆಗಳಲ್ಲಿ ಕಣಿವೆಯ ಜನ ತಮ್ಮ ವಿರೋಧವನ್ನು ದಾಖಲಿಸಿದ್ದಾರೆ. ಯೋಜನೆಯ ಪರವಾಗಿ ಹೇಳುವ ಮುಖ್ಯ ಮಾತು ಪಾವಗಡದಂಥ ಬಿಸಿಲಿನ ವಿದ್ಯುತ್ ಹಗಲು ಹೆಚ್ಚಾಗಿ, ಸಂಜೆ ಕೊರತೆಯಾಗುತ್ತದೆಂಬುದು. ಮಾತು ಸುಳ್ಳಲ್ಲ. ಪಾವಗಡದ ಸೌರ ಉದ್ಯಾನದ ಸಾಮರ್ಥ್ಯವೇ 2,050 ಮೆಗಾವಾಟ್.

ಆದರೆ ಆ ಹಗಲಿನ ವಿದ್ಯುತ್ತನ್ನು ಹಗಲಿನಲ್ಲೇ ಏಕೆ ಬಳಸಬಾರದೆಂಬ ಸಾದಾ ಪ್ರಶ್ನೆಯನ್ನು ಮೊದಲು ಕೇಳಬೇಕಿತ್ತು. ಪೀಣ್ಯದ ಕುಲುಮೆಗಳು ರಾತ್ರಿ ಉರಿಯುವುದಕ್ಕೆ ಒಂದು ಇತಿಹಾಸವಿದೆ. ವಿದ್ಯುತ್ ದರದಲ್ಲಿ ಬಹು ವರ್ಷಗಳ ಕಾಲ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ದೊಡ್ಡ ಗ್ರಾಹಕರಿಗೆ ರಿಯಾಯಿತಿ ಇತ್ತು. ಕಲ್ಲಿದ್ದಲಿನ ಘಟಕಗಳನ್ನು ರಾತ್ರಿ ಆರಿಸಲಾಗದು, ಆ ವಿದ್ಯುತ್ತನ್ನು ಯಾರಾದರೂ ಕೊಳ್ಳಲೆಂದು ಮಾಡಿದ ಏರ್ಪಾಟು ಅದು. ಎರಕದವರು ಆ ರಿಯಾಯಿತಿಗೆ ತಕ್ಕಂತೆ ತಮ್ಮ ಪಾಳಿಗಳನ್ನು ಹೊಂದಿಸಿಕೊಂಡರು; ಮಲೆನಾಡಿನ ಹುಡುಗರು ರಾತ್ರಿ ನಿದ್ದೆಗೆಟ್ಟು ಲೋಹ ಸುರಿದರು. ಬಿಸಿಲಿನ ವಿದ್ಯುತ್ ಬಂದ ಮೇಲೆ ಲೆಕ್ಕ ತಲೆಕೆಳಗಾಗಿದೆ. ಸೂರ್ಯನಿರುವ ಹೊತ್ತಿನ ದರ ಕಡಿಮೆಯಿರಬೇಕೆಂದು ಕೇಂದ್ರ ಸರ್ಕಾರ 2023ರಲ್ಲಿ ನಿಯಮ ತಿದ್ದಿತು. ಅದನ್ನು ಮನಸ್ಸಿಟ್ಟು ಜಾರಿ ಮಾಡಿ, ಕರಗಿಸುವ ಕೆಲಸವನ್ನು ಬೆಳಿಗ್ಗೆ ಹತ್ತರಿಂದ ನಾಲ್ಕರ ನಡುವೆ ತಂದರೆ ಕುಲುಮೆಯೇ ಒಂದು ಬಗೆಯ ಸಂಗ್ರಹಾಗಾರವಾಗುತ್ತದೆ. ಅದಕ್ಕೆ ಸುರಂಗ ಬೇಡ. ಕಾರ್ಮಿಕನಿಗೆ ರಾತ್ರಿಯ ನಿದ್ದೆ ಮರಳಿ ಸಿಗುತ್ತದೆ, ಇದನ್ನು ಯಾವ ಯೋಜನಾ ವರದಿಯೂ ಲಾಭದ ಕಲಮಿನಲ್ಲಿ ಬರೆಯಲಾರದು.

ಉಳಿತಾಯದ ಸಂಗತಿಯೂ ಹಾಗೆಯೇ. ಶೆಡ್ಡುಗಳಲ್ಲಿ ಅತಿ ದುಬಾರಿ ವಸ್ತು ಯಾವುದೆಂದರೆ ಗಾಳಿ. ಕಂಪ್ರೆಸರಿಗೆ ಹಾಕಿದ ವಿದ್ಯುತ್ತಿನಲ್ಲಿ ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ ಕೆಲಸವಾಗಿ ದೊರೆಯುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಆ ಒಂದು ಪಾಲೂ ಕೊಳವೆಯ ಸಂದಿಯಲ್ಲಿ ಸುಯ್ಯೆಂದು ಸೋರುತ್ತಿರುತ್ತದೆ. ಭಾನುವಾರ ಯಂತ್ರಗಳು ನಿಂತಾಗ ಪೀಣ್ಯದ ಶೆಡ್ಡಿನೊಳಗೆ ಹೋಗಿ ನಿಂತರೆ ಆ ಸದ್ದು ಕೇಳುತ್ತದೆ. ಮುಚ್ಚಳವಿಲ್ಲದ ಕುಲುಮೆ, ಒಡೆದ ಇಟ್ಟಿಗೆಯ ಒಲೆ, ಎಂದೋ ಸುಟ್ಟು ಮತ್ತೆ ಮತ್ತೆ ಸುತ್ತಿಸಿದ ಮೋಟರು, ಇವನ್ನು ಸರಿಪಡಿಸುವುದು ಯಾವ ಅಣೆಕಟ್ಟಿಗಿಂತಲೂ ಅಗ್ಗ. ಆದರೆ ದೇಶದ ನೀತಿ ಕಣ್ಣಿಟ್ಟಿರುವುದು ಬೇರೆ ಕಡೆ. 2001ರ ಇಂಧನ ಸಂರಕ್ಷಣಾ ಕಾಯಿದೆಯ ಅಡಿ 2012ರಿಂದ ನಡೆದ ಗುರಿ ಸಾಧನೆಯ ಯೋಜನೆಯಲ್ಲಿ ಉಕ್ಕಿನ ಘಟಕವೊಂದು ಸೇರಬೇಕಾದರೆ ವರ್ಷಕ್ಕೆ 30,000 ಟನ್ ಎಣ್ಣೆಗೆ ಸಮನಾದ ಇಂಧನ ಬಳಸಿರಬೇಕು. 2023ರಲ್ಲಿ ಪ್ರಕಟವಾದ ಇಂಗಾಲ ಮಾರುಕಟ್ಟೆಯೂ ದೊಡ್ಡ ಉದ್ದಿಮೆಗಳನ್ನೇ ಮುಂದಿಟ್ಟುಕೊಂಡಿದೆ. ಪೀಣ್ಯದ ಶೆಡ್ಡು ಕಾನೂನಿನ ಕಣ್ಣಿಗೆ ಕಾಣದಷ್ಟು ಚಿಕ್ಕದು, ಯುರೋಪಿನ ಗುಮಾಸ್ತನ ಕಣ್ಣಿಗೆ ಮಾತ್ರ ಕಾಣುವಷ್ಟು ದೊಡ್ಡದು.

ಉಳಿತಾಯವಾದ ವಿದ್ಯುತ್ತು ತಾನಾಗಿ ಕಣಿವೆಯನ್ನು ಉಳಿಸುತ್ತದೆಂದು ನಂಬುವಷ್ಟು ಮುಗ್ಧತೆಯೂ ಬೇಡ. ಪೀಣ್ಯದಲ್ಲಿ ಉಳಿದ ಯೂನಿಟ್ಟನ್ನು ವೈಟ್‌ಫೀಲ್ಡಿನ ಗಾಜಿನ ಕಟ್ಟಡದ ಹವಾನಿಯಂತ್ರಣ ನುಂಗಬಹುದು. ಉಳಿತಾಯವನ್ನು ಬರೆದಿಟ್ಟು, ಇಷ್ಟು ಉಳಿಸಿದ್ದರಿಂದ ಇಂಥ ಯೋಜನೆ ಕೈಬಿಟ್ಟೆವೆಂದು ಸರ್ಕಾರದಿಂದ ಹೇಳಿಸಿಕೊಳ್ಳದ ಹೊರತು ಅದಕ್ಕೆ ಘಟ್ಟದಲ್ಲಿ ಬೆಲೆಯಿಲ್ಲ.

ಇನ್ನು ಸುಂಕದ ಹಣ. ಗಡಿಯಲ್ಲಿ ಯುರೋಪು ವಸೂಲು ಮಾಡಿದ್ದು ಯುರೋಪಿಗೇ ಸೇರುತ್ತದೆ. ರಫ್ತು ಮಾಡುವ ದೇಶವೇ ಇಂಗಾಲಕ್ಕೆ ಬೆಲೆ ವಸೂಲು ಮಾಡಿದ್ದರೆ ಅಷ್ಟನ್ನು ಕಳೆದುಕೊಳ್ಳುತ್ತಾರೆ. ಆದ್ದರಿಂದಲೇ ಆ ಹಣ ಭಾರತದಲ್ಲೇ ಉಳಿಯಲೆಂಬ ವಾದ ದೆಹಲಿಯಲ್ಲಿ ಬಲವಾಗಿದೆ. ಶತಮಾನಕಾಲ ಹೊಗೆಯುಗುಳಿ ಶ್ರೀಮಂತವಾದವರು ಈಗ ಗಡಿಯಲ್ಲಿ ನಿಂತು ಸುಂಕ ಕೇಳುವುದು ನ್ಯಾಯವಲ್ಲವೆಂಬ ಭಾರತದ ತಕರಾರಿನಲ್ಲಿ ಹುರುಳಿದೆ. ಹಾಗೆಂದು ಉಳಿದ ಹಣ ಎಲ್ಲಿಗೆ ಹೋಗಬೇಕೆಂಬ ಮಾತನ್ನು ದೆಹಲಿಗೇ ಬಿಟ್ಟುಕೊಟ್ಟರೆ ಅದು ಪೀಣ್ಯದ ಒಡೆದ ಒಲೆಗೂ ಬರುವುದಿಲ್ಲ, ಕಾಡಂಚಿನ ಹಕ್ಕುಪತ್ರವಿಲ್ಲದ ಮನೆಗೂ ಬರುವುದಿಲ್ಲ.

1981ರಲ್ಲಿ ಶಿರಸಿಯಲ್ಲಿ ಬೇಡ್ತಿ ಯೋಜನೆಯ ಕುರಿತು ವಿಚಾರ ಸಂಕಿರಣ ನಡೆದಾಗ ಅಡಿಕೆ ತೋಟಗಾರರು ವಿಜ್ಞಾನಿಗಳನ್ನು ಜೊತೆಗೆ ಕೂರಿಸಿಕೊಂಡು, ಮುಳುಗುವ ತೋಟ, ಸೊಪ್ಪಿನ ಬೆಟ್ಟ, ಜೇನು, ಬಿದಿರು ಎಲ್ಲವನ್ನೂ ರೂಪಾಯಿಯ ಲೆಕ್ಕದಲ್ಲಿ ಬರೆದು ತೋರಿಸಿದರು. ಯೋಜನೆ ನಿಂತಿತು. ಆ ಲೆಕ್ಕದ ಬಲ ಅದರ ಅಂಕಿಗಳಲ್ಲಿತ್ತು, ಅಧಿಕಾರಿಗಳು ಬಿಟ್ಟ ಕಲಮುಗಳನ್ನು ಊರಿನವರು ತುಂಬಿದ್ದರು. ಈಗ ನಾಗಸಂದ್ರದ ಶೆಡ್ಡಿಗೆ ಬರುವ ಯುರೋಪಿನ ನಮೂನೆಯಲ್ಲಿ ಡೀಸೆಲ್ಲಿಗೆ ಕಲಮಿದೆ, ಅನಿಲಕ್ಕೆ ಇದೆ, ವಿದ್ಯುತ್ತಿಗೆ ಇದೆ. ಆ ವಿದ್ಯುತ್ತು ಜಲಮೂಲದ್ದೆಂದು ತೋರಿಸಿದರೆ ಅದರ ಎದುರು ಸೊನ್ನೆ ಬರೆಯಬಹುದು. ಆ ನಮೂನೆಯನ್ನು ತುಂಬಲು ಕೂರುವವರು ಪೀಣ್ಯದ ಕಚೇರಿಗಳಲ್ಲಿ ಕೆಲಸಕ್ಕಿರುವ ಡಿಪ್ಲೊಮಾ ಹುಡುಗರು, ಹುಡುಗಿಯರು; ಅವರಲ್ಲಿ ಕೆಲವರ ಅಜ್ಜ-ಅಜ್ಜಿಯರ ಮನೆ ಲಿಂಗನಮಕ್ಕಿಯ 1819 ಅಡಿಯ ಗೆರೆಯ ಕೆಳಗಿದೆ.